ಹೋಲಿಕೆಗೆ ಇಟ್ಟ ರಕ್ತ

ಯೋಗೀಶಣ್ಣ ರೈಲಿನಿಂದ ಬಿದ್ದು ತೀರಿಕೊಂಡ ಎಂದೇ ಹೇಳುತ್ತೇನೆ, ಕಟ್ಟಿಕೊಂಡವನು ಕೇಳಿದರೂ ಅಷ್ಟೆ, ಹೊಟ್ಟೆಯಲ್ಲಿ ಹುಟ್ಟಿದವರು ಕೇಳಿದರೂ ಅಷ್ಟೆ ಎಂದು ಸ್ವರ್ಣಲತಾ ಇಪ್ಪತ್ತೇಳು ವರ್ಷದ ಹಿಂದೆ ಮುಂಬಯಿ ಪಕ್ಕದ ಕಲ್ಯಾಣದ ಚಾಳಿನ ಖೋಲಿಯೊಂದರಲ್ಲಿ ದೇವರ ದೀಪ ಮುಟ್ಟಿ ತಾಯಿಗೆ ಮಾತು ಕೊಟ್ಟಿದ್ದಳು. ಆಗ ಅವಳಿಗೆ ಹದಿನೆಂಟು. ಅಣ್ಣ ರೈಲಿನಿಂದ ಬಿದ್ದಿರಲಿಲ್ಲ. ಚಿಕ್ಕಂದಿನಿಂದ ಅವನ ಕಣ್ಣು ಹಳದಿ, ಮೈಯಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ಹೊಟ್ಟೆಯ ಎಡಮಗ್ಗುಲಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನು, ಊದಿ ಅಂಗಿಯ ಗುಂಡಿ ಹಾಕಲಾಗದಷ್ಟಾದಾಗ ಡಾಕ್ಟರರು ಅದನ್ನು ತೆಗೆದರು. ಆರು ತಿಂಗಳು ಚೆನ್ನಾಗಿದ್ದ. ಏಳನೇ ತಿಂಗಳಲ್ಲಿ ಒಂದು ಕಾಲು ಬಾತಿತು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ತಟ್ಟೆಯ ಮೇಲೆಯೇ ಬಾಗಿದ. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿದೆ ಎಂದರು. ಅಮ್ಮ ಅತ್ತದ್ದು ಎರಡು ದಿನ, ಮೂರನೆಯ ದಿನ ಲೆಕ್ಕ ಹಾಕಿದಳು. ಇಬ್ಬರು ಹೆಣ್ಣುಮಕ್ಕಳು ಮದುವೆಗಿದ್ದರು. ‘ಅರಸಿನ ಕಣ್ಣಿನ ಮನೆ’ ಎಂಬ ಹೆಸರು ಒಮ್ಮೆ ಹತ್ತಿತೆಂದರೆ ಉಡುಪಿಯಿಂದ ಕಲ್ಯಾಣದವರೆಗೆ ಎಲ್ಲಿಯೂ ಇಳಿಯದು. ರೈಲಿನಿಂದ ಬಿದ್ದು ಸಾಯುವುದು ಈ ಊರಿನಲ್ಲಿ ಯಾರ ಮನೆಯ ರಕ್ತಕ್ಕೂ ಕಳಂಕವಲ್ಲ; ದಿವಾ ದಾಟಿ ಮುಂಬ್ರಾದ ತಿರುವಿನಲ್ಲಿ ಎಂದರೆ ಸಾಕು, ಕೇಳಿದವರು ಮರುಪ್ರಶ್ನೆ ಹಾಕದೆ ತಲೆಯಾಡಿಸಿ ತಮಗೆ ಗೊತ್ತಿದ್ದ ಇನ್ನೊಬ್ಬನ ಹೆಸರು ಹೇಳುತ್ತಾರೆ. ಆ ವರ್ಷವೇ ಅವರು ಚಾಳು ಬದಲಿಸಿದರು. ಹೊಸ ಚಾಳಿನಲ್ಲಿ ಅಣ್ಣ ಮೊದಲಿನಿಂದಲೂ ಮುಂಬ್ರಾದಲ್ಲಿ ಬಿದ್ದವನೇ.

ಆ ತಿರುವು ಈಗ ಬಂತು. ಡೊಂಬಿವಲಿಯಲ್ಲಿ ಹತ್ತಿದಾಗ ಸಿಕ್ಕಿದ ಕಿಟಕಿಯ ಸೀಟಿನಲ್ಲಿ ಸ್ವರ್ಣಲತಾಳ ಪಕ್ಕ ಕೂತಿದ್ದ ಮಗಳು ರಮಿತಾ ಅಭ್ಯಾಸದಂತೆ ಎರಡು ಬೆರಳನ್ನು ಎದೆಗೆ ಮುಟ್ಟಿಸಿ ತುಟಿಗೆ ಒತ್ತಿಕೊಂಡಳು. ಇದು ಅಪ್ಪ ಕಲಿಸಿದ್ದು. ತಾರಾನಾಥ ಮದುವೆಯಾದ ಹೊಸತರಲ್ಲಿ ಒಮ್ಮೆ ಈ ತಿರುವಿನಲ್ಲಿ ಹೆಂಡತಿ ಬಾಗಿಲ ಹತ್ತಿರ ನಿಂತದ್ದು ಕಂಡು ರಟ್ಟೆ ಹಿಡಿದು ಒಳಗೆಳೆದಿದ್ದ; ಅಂದಿನಿಂದ ಇಪ್ಪತ್ತೆರಡು ವರ್ಷ, ಜೊತೆಗಿದ್ದಾಗಲೆಲ್ಲ ಮುಂಬ್ರಾ ಕಳೆಯುವವರೆಗೆ ಅವಳ ಕೈ ಬಿಟ್ಟವನಲ್ಲ. ನೋಡದ ಭಾವನಿಗೆ ಕೈಮುಗಿಯುತ್ತಿದ್ದ. ಅವನ ಆ ಮೃದುತನ ಅವಳಿಗೆ ಪ್ರತಿಸಲವೂ ಚಪ್ಪಲಿಯೊಳಗಿನ ಹರಳು.

“ಮಾಮಾ, ಪರ್ಸೋಂ ಮೇರಾ ಆಪರೇಷನ್ ಹೈ, ಜರಾ ದೇಖ್ ಲೇನಾ,” ಎಂದಳು ರಮಿತಾ ಕಿಟಕಿಯ ಹೊರಗೆ. ಆಮೇಲೆ ತಾಯಿಯ ಕಡೆ ತಿರುಗಿ, “ಮಮ್ಮಿ, ಇತ್‌ನಾ ಮುಖ ಸಣ್ಣ ಯಾಕೆ? ಕಟ್ನಾ ಮುಝೇ ಹೈ, ನಿನಗಲ್ಲ.”

“ಸುಮ್ಮನೆ ಕೂತ್ಕೋ.”

“ಸಿರ್ಫ್ ಛೇ ಮಹೀನೇ, ಆರು ತಿಂಗಳು. ಫಿರ್ ಮೈದಾನ್. ಸರ್ಜನ್ ಸರ್ ಹೇಳಿದ್ದಾರೆ.”

ಹತ್ತೊಂಬತ್ತರ ಹುಡುಗಿ. ಕಾಲೇಜಿನ ಕಬಡ್ಡಿ ತಂಡದಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗುವವಳು ಅವಳೇ. ಠಾಣೆಯ ಒಂದು ಪಂದ್ಯದಲ್ಲಿ ಮೂವರು ಸೊಂಟಕ್ಕೆ ಜೋತುಬಿದ್ದಿದ್ದರೂ ಗೆರೆಯವರೆಗೆ ಎಳೆದುಕೊಂಡು ಬಂದು ಬೆರಳ ತುದಿ ಮುಟ್ಟಿಸಿದ್ದನ್ನು ಸ್ವರ್ಣಲತಾ ಕಣ್ಣಾರೆ ನೋಡಿದ್ದಳು. ಪಕ್ಕದಲ್ಲಿದ್ದ ಮರಾಠಿ ಹೆಂಗಸು ‘ಕೋಣಾಚೀ ಪೋರ್ಗೀ ಗಂ ಹೀ’, ಯಾರ ಹುಡುಗಿಯೇ ಇವಳು, ಎಂದು ಕೇಳಿದಾಗ, ತಾನು ಇಷ್ಟು ದಿನ ಯಾವುದಕ್ಕೂ ಹೀಗೆ ಎದೆಯೆತ್ತಿ ‘ನನ್ನದು’ ಎಂದು ಹೇಳಿರಲಿಲ್ಲ ಎನ್ನಿಸಿತ್ತು. ಕಳೆದ ವರ್ಷ ಅದು ನಿಂತಿತು. ಊದಿದ ಗುಲ್ಮಕ್ಕೆ ಏಟು ಬಿದ್ದರೆ ಒಡೆದೀತು, ಆಟ ಬೇಡ ಎಂದರು. ಒಂದು ವರ್ಷದಿಂದ ಹುಡುಗಿ ಮಂಡಿಪಟ್ಟಿಗಳನ್ನು ಒಗೆದು ಒಣಗಿಸಿ ಮಡಚಿ ಇಡುತ್ತಿದ್ದಾಳೆ. ಅವಳಿಗೆ ಬೇಕಾದ ಆಪರೇಷನ್ ಇದು. ಅವಳು ಕೇಳಿ ಕೇಳಿ ಪಡೆದ ದಿನ ಗುರುವಾರ. ಇವತ್ತು ಮಂಗಳವಾರ, ಅದಕ್ಕೆ ಮುಂಚೆ ಡಾಕ್ಟರರನ್ನು ಕಾಣುವ ದಿನ.

ಮಗಳ ಕಣ್ಣಿನ ಬಿಳಿಭಾಗ ಬೆಳಗಿನ ಬಿಸಿಲಿಗೆ ಹಣ್ಣು ನಿಂಬೆಯ ಸಿಪ್ಪೆಯ ಹಾಗೆ ಕಾಣುತ್ತಿತ್ತು. ಅದನ್ನು ಮೊದಲು ಕಂಡವಳು, ಹೆಸರಿಟ್ಟವಳು, ತಪ್ಪು ಹೆಸರಿಟ್ಟವಳು ತಾನೇ. ಡೊಂಬಿವಲಿ ಪೂರ್ವದ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ವರ್ಷದ ಕೆಲಸ. ಗಾಜಿನ ಮೇಲೆ ಒಂದು ಹನಿ ರಕ್ತ ಇಟ್ಟು ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಉಸಿರಿಗೆ ತಳ್ಳಿದರೆ ಕರುವಿನ ನಾಲಗೆಯ ಹಾಗೆ ತುದಿಗೆ ತೆಳುವಾಗುವ ಲೇಪ ಅವಳ ಕೈಯಲ್ಲಿ ಬರುವಂತೆ ಆ ರೈಲು ಲೈನಿನ ಲ್ಯಾಬುಗಳಲ್ಲಿ ಯಾರ ಕೈಯಲ್ಲೂ ಬಾರದು. ಸಹಿ ಹಾಕುವ ಪೆಥಾಲಜಿಸ್ಟರು ದಿನಕ್ಕೆ ಎರಡು ಸಲ ಬರುತ್ತಾರೆ, ಸ್ವರ್ಣಾಳ ಸ್ಲೈಡ್ ಎಂದರೆ ಮತ್ತೆ ನೋಡುವುದಿಲ್ಲ. ಅವಳೇ ಹೊಸಬರಿಗೆ ಕಲಿಸಿದ ಪಾಠವೊಂದಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೆಲ್ಲ ನೀರು, ಗಾಜಿನ ಮೇಲಿನ ರಕ್ತ ಬೇಗ ಒಣಗುವುದಿಲ್ಲ; ತಡವಾಗಿ ಒಣಗಿದ ಕೆಂಪು ಕೋಶಗಳ ನಡುವೆ ದುಂಡನೆಯ ಬಿಳುಪು ಇರಬೇಕಾದಲ್ಲಿ ಅರೆತೆರೆದ ಬಾಯಿಯಂಥ ಒಂದು ಸೀಳು ಕಾಣುತ್ತದೆ. “ಇದು ಮಳೆಯ ಬಾಯಿ, ಪೇಷಂಟಿನದ್ದಲ್ಲ. ರಿಪೋರ್ಟಿನಲ್ಲಿ ಬರೀಬೇಡಿ,” ಎನ್ನುತ್ತಿದ್ದಳು, ಕೇಳಿದವರು ಬರೆದುಕೊಳ್ಳುತ್ತಿದ್ದರು. ರಮಿತಾಳಿಗೆ ಜ್ವರ ಬಂದು ಕಣ್ಣು ಹಳದಿಯಾಗುತ್ತಿದ್ದದ್ದು ಪ್ರತಿವರ್ಷ ಜುಲೈಯಲ್ಲಿ. ಮೂರು ಜುಲೈ, ಮೂರು ಸ್ಲೈಡು, ಮೂರರಲ್ಲೂ ಬಾಯಿಗಳು. ಮೂರೂ ಸಲ ಅವಳು ಅವನ್ನು ಮಳೆಗೆ ಜಮಾ ಮಾಡಿ, ಅಲ್ಲಲ್ಲಿ ದಟ್ಟವಾಗಿ ಕಂಡ ನಾಲ್ಕಾರು ಕೋಶಗಳನ್ನು ಹಿಡಿದು ‘ಗುಂಡು ಕೋಶಗಳು’ ಎಂದು ಬರೆದಳು. ಆ ಎರಡು ಶಬ್ದ ಅಲ್ಲಿಂದ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಯ ಫೈಲಿಗೆ ಹೋಗಿ, ಗುಂಡು ಕೋಶದ ಕಾಯಿಲೆಯಾಗಿ, ಗುಲ್ಮ ತೆಗೆದರೆ ವಾಸಿಯಾಗುವ ಕಾಯಿಲೆಯಾಗಿ, ಗುರುವಾರದ ಬೆಳಗಿನ ಎಂಟು ಗಂಟೆಯಾಗಿ ವಾಪಸು ಬಂದಿತ್ತು. ಅಣ್ಣನದು ಬೇರೆ, ಇದು ಬೇರೆ ಎಂದು ಅವಳೂ ಆ ಹೆಸರನ್ನೇ ನಂಬಿದ್ದಳು. ತಪ್ಪು ಮಾಡಿದ್ದು ಕೈ ನಡುಗುವ ಯಾರೋ ಆಗಿದ್ದರೆ ಬೈದು ಮುಗಿಸಬಹುದಿತ್ತು.

ನಿನ್ನೆ ಫೆಬ್ರವರಿಯ ಸೋಮವಾರ. ಕೈ ಚರ್ಮ ಬಿರಿಯುವಷ್ಟು ಒಣ ಹವೆ. ಆಪರೇಷನ್ನಿಗೆ ಮುಂಚಿನ ರಕ್ತ ತಾನೇ ತೆಗೆಯುತ್ತೇನೆಂದು ಹಟ ಹಿಡಿದು, ಕಾಲೇಜಿಗೆ ಹೊರಟವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಲೇಪ ಎಳೆದು, ಕ್ಷಣದಲ್ಲಿ ಒಣಗಿಸಿ ಕಣ್ಣಿಟ್ಟಾಗ ಬಾಯಿಗಳು ಅಲ್ಲೇ ಇದ್ದವು. ಮಳೆ ಇರಲಿಲ್ಲ. ಉಪ್ಪುನೀರಿನ ಪರೀಕ್ಷೆ ಮಾಡಿದಳು. ಹದಿನಾಲ್ಕು ಗಾಜಿನ ನಳಿಗೆಗಳು ಸಾಲಾಗಿ, ಮೊದಲನೆಯದರಲ್ಲಿ ಉಪ್ಪು ಹೆಚ್ಚು, ಮುಂದೆ ಮುಂದೆ ಕಡಿಮೆ, ಕೊನೆಯದರಲ್ಲಿ ಬರೀ ನೀರು. ಉಪ್ಪು ಕಡಿಮೆಯಾದಂತೆ ಕೋಶಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ, ಕದಡಿದ ನಳಿಗೆ ತಿಳಿಗೆಂಪಾಗುತ್ತದೆ. ಆರೋಗ್ಯವಂತರ ರಕ್ತ ಒಂಬತ್ತನೆಯ ನಳಿಗೆಯೊಳಗೆ ಎಲ್ಲ ಒಡೆಯುತ್ತದೆ. ಗುಂಡು ಕೋಶಗಳು ಅದಕ್ಕೂ ಎಷ್ಟೋ ಮೊದಲೇ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತದ ಒಂದು ಸಾಲು ಪಕ್ಕದಲ್ಲಿ ಬೇಕು, ಅದನ್ನು ಕಂಟ್ರೋಲ್ ಎನ್ನುತ್ತಾರೆ. ಪರರ ತೋಳಿಗೆ ಯಾಕೆ ಸೂಜಿ ಎಂದು ಅವಳು ಯಾವಾಗಲೂ ತನ್ನದೇ ಎಡತೋಳಿಗೆ ರಬ್ಬರು ಪಟ್ಟಿ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಎಳೆದು ಹಿಡಿದು, ತನ್ನ ರಕ್ತವನ್ನೇ ಇಡುತ್ತಿದ್ದಳು. ಇಷ್ಟು ವರ್ಷ ಪೇಷಂಟಿನ ಸಾಲು ತನ್ನದಕ್ಕಿಂತ ಮೊದಲು ಒಡೆಯಿತೇ ಎಂದಷ್ಟೇ ನೋಡಿದ್ದಳು, ತನ್ನದು ಎಷ್ಟನೆಯದರಲ್ಲಿ ಒಡೆಯಿತು ಎಂದು ಎಣಿಸಿರಲಿಲ್ಲ. ನಿನ್ನೆಯೂ ಇಟ್ಟಳು, ಎಣಿಸಿದಳು. ಎರಡೂ ಸಾಲು ಒಂಬತ್ತು ದಾಟಿದರೂ ಕದಡಿಯೇ ಇದ್ದವು. ಹತ್ತರಲ್ಲೂ ಒಡೆದಿಲ್ಲ.

“ವಿಶಾಲ್, ಉಪ್ಪು ತೂಗಿದ್ದು ಯಾರು? ಕಣ್ಣು ಎಲ್ಲಿತ್ತು?” ಎಂದು ಕೂಗಿದ್ದಳು. ವಿಶಾಲ್ ನಲವತ್ತರವನು, ಎರಡು ಮಕ್ಕಳ ತಂದೆ, ಹದಿನೈದು ವರ್ಷದಿಂದ ಪಕ್ಕದ ಮೇಜಿನವನು. ಬಂದು ಅಂಗಿಯ ತೋಳು ಮಡಚಿ ಕೂತ. “ದೀದಿ, ಮೇರಾ ಲೇ ಲೋ. ಉಪ್ಪು ತಪ್ಪಿದ್ದರೆ ನನ್ನದೂ ಒಡೆಯುವುದಿಲ್ಲ.” ಅವನ ರಕ್ತ ಒಂಬತ್ತನೆಯ ನಳಿಗೆಯೊಳಗೆ ಪುಸ್ತಕದಲ್ಲಿ ಬರೆದಷ್ಟು ಸರಿಯಾಗಿ ಒಡೆಯಿತು. ವಿಶಾಲ್ ಮೂರು ಸಾಲುಗಳನ್ನೂ ಬೆಳಕಿಗೆ ಹಿಡಿದು ನೋಡಿದ, ಅವಳ ಮುಖ ನೋಡಿದ. “ನಮಕ್ ಠೀಕ್ ಹೈ, ದೀದಿ,” ಎಂದಷ್ಟೇ ಹೇಳಿ ತೋಳಿಗೆ ಹತ್ತಿ ಒತ್ತಿಕೊಂಡು ಹೋದ. ಅಣ್ಣನ ರಕ್ತ ಅಣ್ಣನ ಜೊತೆಗೇ ಹೋಯಿತು ಎಂದುಕೊಂಡಿದ್ದಳು, ಅದು ಇವಳ ತೋಳಿನಲ್ಲಿ ಸದ್ದಿಲ್ಲದೆ ಕೂತಿತ್ತು. ಮೂವತ್ತಾರಕ್ಕೇ ತೆಗೆಸಿದ ಪಿತ್ತದ ಕಲ್ಲುಗಳಿಗೆ ಗಂಡನ ಕ್ಯಾಂಟೀನಿನ ಬಟಾಟೆವಡೆಯನ್ನು ಬೈದದ್ದು, ಕನ್ನಡಿಯಲ್ಲಿ ಕಂಡ ಮುಖದ ಹಳದಿಯನ್ನು ಟ್ಯೂಬ್‌ಲೈಟಿಗೆ ಹಚ್ಚಿದ್ದು, ಎಲ್ಲ ಒಟ್ಟಿಗೆ ಎದುರು ಬಂತು. ತನ್ನ ರಕ್ತವನ್ನು ಆರೋಗ್ಯದ ಅಳತೆಗೋಲು ಮಾಡಿ ಎಷ್ಟು ಜನರನ್ನು ಅಳೆದೆ? ಹನ್ನೊಂದೋ ಹನ್ನೆರಡೋ, ರಿಜಿಸ್ಟರು ತೆಗೆದು ಹುಡುಕಬೇಕು, ಒಬ್ಬೊಬ್ಬರಿಗೂ ಫೋನು ಮಾಡಬೇಕು. ಆದರೂ, ನಾಚಿಕೆಯ ಅಡಿಯಿಂದ, ಯಾರಿಗೂ ಹೇಳಿಕೊಳ್ಳಲಾಗದ ಒಂದು ಹೆಮ್ಮೆ ಎದ್ದು ಬಂದದ್ದನ್ನೂ ಅವಳು ಕಂಡಳು: ಬರೀ ನೀರಿಗೆ ಹತ್ತಿರವಾದ ನೀರಿನಲ್ಲೂ ಒಡೆಯದೆ ನಿಂತ ಆ ಎರಡು ಸಾಲು ತಮ್ಮಿಬ್ಬರದು.

ಠಾಣೆಯಲ್ಲಿ ಇಳಿದು ಒಂಬತ್ತನೆಯ ಪ್ಲಾಟ್‌ಫಾರ್ಮಿಗೆ ಹೋಗುವ ಸೇತುವೆಯ ಮೇಲೆ, ಮಗಳನ್ನು ವಡಾಪಾವಿನ ಸಾಲಿಗೆ ಕಳಿಸಿ, ಅವಳು ಕಂಬಕ್ಕೆ ಒರಗಿ ತಾಯಿಗೆ ಫೋನು ಮಾಡಿದಳು. ಅಮ್ಮ ವಿಮಲಾ ಕಲ್ಯಾಣದಲ್ಲಿ ಸ್ವರ್ಣಲತಾಳ ತಂಗಿಯ ಮನೆಯಲ್ಲಿದ್ದಾಳೆ. ಮನೆಮಾತು ತುಳು, ಆ ಗದ್ದಲದಲ್ಲಿ ಯಾರಿಗೂ ತಿಳಿಯದ ಭಾಷೆ.

“ಅಮ್ಮ, ಯೋಗೀಶಣ್ಣನ ವಿಷಯ ಡಾಕ್ಟರಿಗೆ ಹೇಳ್ಬೇಕು.”

“ಎಂತ ವಿಷಯ?”

“ಆಪರೇಷನ್ ಆದದ್ದು. ಮತ್ತೆ ಹೋದದ್ದು.”

“ಅವನು ರೈಲಿನಿಂದ ಬಿದ್ದದ್ದಲ್ವಾ?”

ಸ್ವರ್ಣಲತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಅಮ್ಮ, ನಾನು ಮಾತಾಡುದು. ಇಲ್ಲಿ ಬೇರೆ ಯಾರೂ ಇಲ್ಲ.”

“ಯಾರಿಲ್ಲದಿದ್ರೂ ಅದೇ. ನಮ್ಮ ರಕ್ತದಲ್ಲಿ ಎಂತ ದೋಷವೂ ಇಲ್ಲ. ಭಾನುವಾರ ನಿನ್ನ ತಂಗಿಯ ಮಗಳನ್ನು ನೋಡ್ಲಿಕ್ಕೆ ಬೇಲಾಪುರದವರು ಬರುದು, ಗೊತ್ತುಂಟಲ್ಲ ನಿನಗೆ?”

“ರಮಿತಾಳ ಜೀವ ಅಮ್ಮ.”

“ದೀಪ ಮುಟ್ಟಿದ್ದಿ ನೀನು,” ಎಂದಳು ಅಮ್ಮ. “ಪಾಪ, ಬಾಗಿಲಲ್ಲಿ ನಿಲ್ಬೇಡ ಅಂತ ಎಷ್ಟು ಸಲ ಹೇಳಿದ್ದೆ ಅವನಿಗೆ.” ಫೋನು ನಿಂತಿತು.

ಐರೋಲಿಯಲ್ಲಿ ತಾರಾನಾಥ ಹತ್ತಿದ. ಕಂಪ್ಯೂಟರ್ ಕಂಪನಿಗಳ ಕಟ್ಟಡವೊಂದರಲ್ಲಿ ಆರುನೂರು ಜನರ ಕ್ಯಾಂಟೀನು ನಡೆಸುವವನು. ಬೆಳಗಿನ ನಾಲ್ಕಕ್ಕೆ ಎದ್ದ ಕಣ್ಣು, ಅಂಗಿಯ ತೋಳಿಗೆ ಒಗ್ಗರಣೆಯ ವಾಸನೆ. ಮಗಳ ತಲೆಯ ಮೇಲೆ ಕೈಯಿಟ್ಟು, “ಎಂತ ಪೈಲ್ವಾನರೇ, ಹೆದರಿಕೆ ಉಂಟಾ?” ಎಂದ.

“ಪಪ್ಪಾ, ಡರ್ ಮಮ್ಮಿಯ ಡಿಪಾರ್ಟ್‌ಮೆಂಟ್.”

ಅವನು ನಕ್ಕು ಹೆಂಡತಿಯ ಪಕ್ಕ ಜರುಗಿದ. “ನೀನು ಸ್ಲೈಡು ನೋಡಿದ್ದಿಯಲ್ಲ ಮಾರಾಯ್ತಿ. ನೀನು ನೋಡಿದ ಮೇಲೆ ಮತ್ತೆ ಎಂತ?” ಎಂದ, ನಾಲ್ಕು ಜನಕ್ಕೆ ಕೇಳುವ ಹಾಗೆ. ಅವನಿಗೆ ಅವಳ ಕೈಯ ಮೇಲೆ ಇದ್ದ ಹೆಮ್ಮೆ ಅವಳಿಗಿಂತ ಹೆಚ್ಚು. ಅವಳು ಚೀಲದೊಳಗಿನ ಕಾಗದವನ್ನು, ಮೂರು ಸಾಲುಗಳ ಫಲ ಬರೆದ ಕಾಗದವನ್ನು, ಮುಟ್ಟಿ ನೋಡಿಕೊಂಡಳು. ಇದೊಂದೇ ಸಾಕು ಎಂದುಕೊಂಡಳು. ನಳಿಗೆಗಳೇ ಮಾತಾಡುತ್ತವೆ, ಅಣ್ಣ ಮುಂಬ್ರಾದಲ್ಲೇ ಇರಲಿ, ಅಮ್ಮನಿಗೆ ಕೊಟ್ಟ ಮಾತು ಇರಲಿ, ಈ ಮನುಷ್ಯನ ಕೈಮುಗಿತವೂ ಇರಲಿ. ಘನ್ಸೋಲಿ, ಕೋಪರಖೈರಣೆ, ತುರ್ಭೆ. ಸಾನಪಾಡಾದಲ್ಲಿ ಇಳಿಯುವವರೆಗೆ ಆ ಲೆಕ್ಕ ಸರಿಯಾಗಿಯೇ ಇತ್ತು.

ರಕ್ತದ ಕಾಯಿಲೆಗಳ ಡಾಕ್ಟರ್ ಶ್ರೀಪ್ರಿಯಾ ಧಾರವಾಡದ ಕಡೆಯವರು, ಇವರು ಕನ್ನಡದವರೆಂದು ತಿಳಿದ ದಿನದಿಂದ ತಮ್ಮ ಕನ್ನಡವನ್ನೇ ಆಡುತ್ತಿದ್ದರು. ಕಾಗದವನ್ನು ಎರಡು ಸಲ ಓದಿದರು.

“ಇದನ್ನ ಯಾರ ಮಾಡ್ಯಾರ?”

“ನಾನೇ.”

“ಕಂಟ್ರೋಲ್ ಯಾರ್ದ್ರೀ?”

“ಮೊದಲಿನದ್ದು ನನ್ನದು. ಅದು ಮಗಳ ಹಾಗೆಯೇ ಬಂತು. ಹಾಗಾಗಿ ಇನ್ನೊಬ್ಬರದ್ದು ತಗೊಂಡೆ.”

ಡಾಕ್ಟರರು ತಲೆಯೆತ್ತಿದರು. “ನಿಮ್ಮದೂ ಒಡೀಲಿಲ್ಲ?”

“ಇಲ್ಲ. ಒಡೀಲಿಲ್ಲ.” ಧ್ವನಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

“ಆದ್ರ ಮೂರು ವರ್ಷದಿಂದ ಫೈಲಿನಾಗ ಗುಂಡು ಕೋಶ ಅಂತ ಬರದೈತಿ. ಬರದವರು ನಿಮ್ಮ ಲ್ಯಾಬಿನವರೇ.”

“ನಾನೇ ಬರೆದದ್ದು. ತಪ್ಪು ನನ್ನದು. ಮಳೆಗಾಲದ್ದು ಅಂತ ಬಾಯಿಗಳನ್ನು ಬಿಟ್ಟೆ.” ಗಂಡ ತನ್ನ ಕಡೆ ತಿರುಗಿದ್ದು ಅವಳಿಗೆ ಕುತ್ತಿಗೆಯ ಚರ್ಮದಲ್ಲಿ ಗೊತ್ತಾಯಿತು. ರೈಲಿನಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದವನು.

ಡಾಕ್ಟರರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ತಾರಾನಾಥ ಮತ್ತು ರಮಿತಾಳ ಕಡೆ ತಿರುಗಿ ನಿಧಾನವಾಗಿ ಹೇಳಿದರು: ಕೆಂಪು ಕೋಶಕ್ಕೆ ಒಂದು ಪೊರೆ ಇರುತ್ತದೆ. ಗುಂಡು ಕೋಶದ ಕಾಯಿಲೆಯಲ್ಲೂ ಪೊರೆಯೇ ಕೆಟ್ಟಿರುವುದು, ಉಪ್ಪು ಕಡಿಮೆಯಾದರೂ ಒಡೆಯದೆ ನಿಲ್ಲುವ ಈ ಬಾಯಿ ಕೋಶದ ಕಾಯಿಲೆಯಲ್ಲೂ ಪೊರೆಯೇ. ಗುಲ್ಮ ಎಂದರೆ ಜರಡಿ, ಕೆಟ್ಟ ಕೋಶಗಳನ್ನು ಹಿಡಿದು ನುಂಗುತ್ತದೆ. ಮೊದಲನೆಯದರಲ್ಲಿ ಜರಡಿ ತೆಗೆದರೆ ಒಳ್ಳೆಯದೇ ಆಗುತ್ತದೆ. ಎರಡನೆಯದರಲ್ಲಿ ಜರಡಿ ತೆಗೆದರೆ ಹಿಡಿಯುವವರಿಲ್ಲದೆ ಆ ಕೋಶಗಳು ರಕ್ತದಲ್ಲೇ ಸುತ್ತುತ್ತವೆ. “ಅವುಗಳ ಪೊರೀ ಒಳಮೈ ಹೊರಗ ಬಂದಿರ್ತದ. ಅದು ಅಂಟು. ರಕ್ತನಾಳದ ಗ್ವಾಡಿಗೆ ಹೋಗಿ ಹತ್ಕೋತಾವ, ಒಂದರ ಮ್ಯಾಲೆ ಒಂದು. ಅಲ್ಲೇ ಹೆಪ್ಪು.”

“ಕಾವಲಿಗೆ ನೀರುದೋಸೆ ಹಿಡಿದ ಹಾಗಾ, ಮೇಡಂ?” ಎಂದ ತಾರಾನಾಥ.

“ಹಂಗ ಅನ್ರಿ.”

“ತಪ್ಪು ಕಾವಲಿಯದ್ದಾ, ಹಿಟ್ಟಿನದ್ದಾ?”

ಡಾಕ್ಟರರು ಮೊದಲ ಸಲ ನಕ್ಕರು. “ಹಿಟ್ಟಿಂದು. ಕಾವಲಿ ಚಲೋನ ಐತಿ.” ಮತ್ತೆ ಫೈಲು ತೆರೆದರು. “ಈ ಟೆಸ್ಟ್ ನಾ ಇಲ್ಲಿ ಮತ್ತ ಮಾಡಸ್ತೀನಿ. ಜೀನ್ ಟೆಸ್ಟಿಗೆ ತಿಂಗಳು ಹಿಡೀತದ. ಆದ್ರ ಹುಡುಗಿ ಹಿಮೋಗ್ಲೋಬಿನ್ ಎಂಟು, ಗುಲ್ಮ ಇಷ್ಟ ದೊಡ್ಡದು. ಹೊರಗಿನ ಲ್ಯಾಬಿನ ಒಂದು ಕಾಗದ ನೋಡಿ ಸರ್ಜನ್ ದಿನ ಬಿಡೂದಿಲ್ಲ, ಅದೂ ಮದಲ ತಪ್ಪು ಬರದ ಲ್ಯಾಬು. ಮನಿತನದಾಗ ಯಾರರ ಗುಲ್ಮ ತಗಸಿದವ್ರು, ಆಮ್ಯಾಲೆ ಹೆಪ್ಪುಗಟ್ಟಿ ತೀರಿಕೊಂಡವ್ರು ಇದ್ರ ಹೇಳ್ರಿ. ಒಬ್ಬರಿದ್ರೂ ಈಗ ಫೋನ್ ಮಾಡಿ ನಿಲ್ಲಸ್ತೀನಿ. ಇಲ್ಲಿ ಯಾರೂ ಇಲ್ಲ ಅಂತ ಬರಸೀರಿ.”

“ಇವಳ ಅಣ್ಣ ಒಬ್ಬ ಇದ್ದ ಮೇಡಂ,” ಎಂದ ತಾರಾನಾಥ, ಹೆಂಡತಿಗೆ ಆ ಮಾತು ಆಡುವ ಕಷ್ಟ ತಪ್ಪಲಿ ಎಂಬಂತೆ. “ಆದ್ರೆ ಅದು ರೈಲಿನಿಂದ ಬಿದ್ದದ್ದು.”

ಸುಮ್ಮನಿದ್ದರೆ ಆಗುತ್ತಿತ್ತು. ಸುಳ್ಳು ಈಗ ತನ್ನ ಕಾಲಿನ ಮೇಲೆ ತಾನೇ ನಿಂತಿತ್ತು, ಹೇಳಲು ಇವಳು ಬೇಕಾಗಿಯೇ ಇರಲಿಲ್ಲ. ಅಮ್ಮ ನಂಬಿದ್ದಳು, ಗಂಡ ನಂಬಿದ್ದ, ಮಗಳು ಅದಕ್ಕೆ ಬೆರಳು ಮುಟ್ಟಿಸಿ ಮುತ್ತು ಕೊಡುತ್ತಿದ್ದಳು. ತಟ್ಟೆಯ ಮೇಲೆ ಬಾಗಿದ ಅಣ್ಣನನ್ನು ಹಾಗೆಯೇ ನೆನಪಿನಲ್ಲಿ ಇಟ್ಟುಕೊಂಡವಳು ಈ ಲೋಕದಲ್ಲಿ ಇನ್ನು ಇವಳೊಬ್ಬಳೇ. ತಾನೂ ಬಿಟ್ಟರೆ ಯೋಗೀಶಣ್ಣ ಸತ್ತೇ ಇಲ್ಲ, ಯಾವನೋ ಒಬ್ಬ ಮುಂಬ್ರಾದಲ್ಲಿ ಬಿದ್ದ.

“ರೈಲಲ್ಲ,” ಎಂದಳು ಸ್ವರ್ಣಲತಾ. ವರ್ಷ ಹೇಳಿದಳು, ತಿಂಗಳು ಹೇಳಿದಳು, ಗುಲ್ಮ ತೆಗೆದದ್ದು, ಏಳನೆಯ ತಿಂಗಳು, ಎಡಗಾಲು, ಶ್ವಾಸಕೋಶ. ರಿಪೋರ್ಟು ಓದುವ ಧ್ವನಿಯಲ್ಲಿ ಹೇಳಿದಳು. ಆ ಧ್ವನಿಯೊಂದೇ ಅವಳ ಹತ್ತಿರ ಆಗ ಇದ್ದದ್ದು. ಡಾಕ್ಟರರು ಬರೆದುಕೊಂಡರು. ಫೋನು ಎತ್ತಿ ಮರಾಠಿಯಲ್ಲಿ ಗುರುವಾರದ ಹೆಸರು ತೆಗೆಯಲು ಹೇಳಿದರು.

ತಾರಾನಾಥ ತನ್ನ ಅಂಗೈ ನೋಡಿಕೊಂಡ. “ಹಾಗಾದ್ರೆ ಇಪ್ಪತ್ತೆರಡು ವರ್ಷ ಮುಂಬ್ರಾದಲ್ಲಿ ನಾನು ಕೈಮುಗಿದದ್ದು ಯಾರಿಗೆ ಮಾರಾಯ್ತಿ?”

ಅವನು ಕೇಳಿದ್ದು ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಕುರ್ಚಿಯನ್ನು ಅವನು ದೂರ ಸರಿಸಲಿಲ್ಲ, ಹತ್ತಿರವೂ ತರಲಿಲ್ಲ.

“ತೋ ಕಬಡ್ಡಿ?” ಎಂದಳು ರಮಿತಾ.

“ಇಲ್ಲವ್ವ,” ಎಂದರು ಡಾಕ್ಟರರು. “ಗುಲ್ಮ ಹೊಟ್ಟಿಯಾಗ ಇರೂತನಕ ಇಲ್ಲ. ತಗಿಯೂ ಹಂಗೂ ಇಲ್ಲ.”

ಹುಡುಗಿಯ ಮುಖ ಬಿಗಿಯಿತು. ಕಣ್ಣು ತುಂಬಿತು, ತುಳುಕಲಿಲ್ಲ. ಮೂವರು ಸೊಂಟಕ್ಕೆ ಜೋತುಬಿದ್ದಾಗಲೂ ಅವಳು ಹಲ್ಲು ಕಚ್ಚಿದ್ದು ಹೀಗೆಯೇ. ಮೇಜಿನ ಮೇಲಿನ ಕಾಗದವನ್ನು ತನ್ನತ್ತ ಎಳೆದುಕೊಂಡು ಅಂಕೆಗಳ ಮೇಲೆ ಉಗುರು ಓಡಿಸಿದಳು. ಆಮೇಲೆ, ಎಷ್ಟೋ ವರ್ಷದಿಂದ ಇಡೀ ವಾಕ್ಯ ಕನ್ನಡದಲ್ಲಿ ಆಡದವಳು, ಕೇಳಿದಳು: “ನಿನ್ನದು ಎಷ್ಟನೇ ಟ್ಯೂಬಿನವರೆಗೆ ಒಡೀಲಿಲ್ಲ?”

“ಹನ್ನೊಂದು.”

“ನನ್ನದು?”

“ಹನ್ನೆರಡು.”

“ಮೈಂ ಏಕ್ ಪಾಯಿಂಟ್ ಸೇ ಆಗೇ,” ಎಂದು ರಮಿತಾ ಮೂಗು ಒರೆಸಿಕೊಂಡಳು. ಸ್ವರ್ಣಲತಾ ಮಗಳನ್ನು ನೋಡಿದಳು. ಅಂದು ಠಾಣೆಯ ಮೈದಾನದಲ್ಲಿ ಎದೆಯೆತ್ತಿ ಆಡಿದ ‘ನನ್ನದು’ ಎಂಬ ಮಾತು ಈಗ ಆಡಬೇಕಾಗಿರಲಿಲ್ಲ, ಕಾಗದದಲ್ಲಿ ಬರೆದಿತ್ತು.

ಡಾಕ್ಟರರು ಫೈಲಿನ ಮೊದಲ ಪುಟದಲ್ಲಿ ‘ಇಲ್ಲ’ ಎಂದಿದ್ದುದನ್ನು ಹೊಡೆದುಹಾಕಿ, ತಾಯಿಯ ಅಣ್ಣ ಎಂದು ಬರೆದರು, ಹೆಸರು ಕೇಳಿದರು. ಅವಳು ಯೋಗೀಶ್ ಎಂದಳು. ಮಂಗಳವಾರ ಮಧ್ಯಾಹ್ನ, ಗಂಡ ಮತ್ತು ಮಗಳ ಎದುರಿಗೆ, ಸ್ವರ್ಣಲತಾ ತಾಯಿಗೆ ಕೊಟ್ಟ ಮಾತನ್ನು ಮುರಿದಳು.